ಮರಳಲು ಪೀಠವಿದ್ದ ರಾಯಭಾರಿ

ಅರ್ಥಶಾಸ್ತ್ರ ಓದಿದ ನನ್ನ ತಲೆಮಾರಿನವರಿಗೆ ಜಾನ್ ಕೆನೆತ್ ಗಾಲ್‌ಬ್ರೇತ್ ಪರಿಚಿತರಾದದ್ದು ‘ದಿ ಅಫ್ಲುಯೆಂಟ್ ಸೊಸೈಟಿ’ಯ (1958) ಕರ್ತೃವಾಗಿ. ಖಾಸಗಿ ಸಿರಿವಂತಿಕೆ ಬೆಳೆಯುತ್ತಿರುವಾಗಲೇ ಸಾರ್ವಜನಿಕ ಸೌಕರ್ಯಗಳು ಸೊರಗುವ ವೈಪರೀತ್ಯವನ್ನು ಆ ಗ್ರಂಥ ಎತ್ತಿ ತೋರಿಸಿತು. ಸರ್ಕಾರಿ ಸೇವೆಗೆ ಸೇರಿದ ಮೇಲೆ ನನ್ನನ್ನು ಹೆಚ್ಚು ಸೆಳೆದದ್ದು 1969ರಲ್ಲಿ ಪ್ರಕಟವಾದ ಅವರ ರಾಯಭಾರದ ದಿನಚರಿ.

1908ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದ ಅವರು 1937ರಲ್ಲಿ ಅಮೆರಿಕದ ಪೌರರಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಲೆ ನಿಯಂತ್ರಣದ ಹೊಣೆ ಹೊತ್ತು, ಉದ್ಯಮ ವಲಯದ ವಿರೋಧ ಕಟ್ಟಿಕೊಂಡು 1943ರಲ್ಲಿ ಹುದ್ದೆ ತೊರೆದರು. ಬಾಂಬ್ ದಾಳಿಯ ನಡುವೆಯೂ ಜರ್ಮನಿಯ ಶಸ್ತ್ರಾಸ್ತ್ರ ಉತ್ಪಾದನೆ 1944ರವರೆಗೂ ಏರುತ್ತಲೇ ಇತ್ತೆಂಬ ಅಪ್ರಿಯ ಸತ್ಯವನ್ನು ಯುದ್ಧಾನಂತರದ ಸಮೀಕ್ಷೆಯಲ್ಲಿ ದಾಖಲಿಸಿದವರಲ್ಲಿ ಅವರೂ ಒಬ್ಬರು.

1961ರಲ್ಲಿ ಅಧ್ಯಕ್ಷ ಕೆನಡಿ ಈ ಹಾರ್ವರ್ಡ್ ಪ್ರಾಧ್ಯಾಪಕರನ್ನು ದೆಹಲಿಗೆ ಕಳುಹಿಸಿದರು. 1962ರ ಚೀನಾ ಆಕ್ರಮಣದ ವೇಳೆ ಅಮೆರಿಕದ ನೆರವು ತ್ವರಿತವಾಗಿ ದೊರೆಯುವಲ್ಲಿ ಅವರ ಪಾತ್ರ ದೊಡ್ಡದು. ಯುದ್ಧವಿಮಾನಗಳನ್ನು ಬಳಸಬೇಡಿರೆಂದು ಭಾರತಕ್ಕೆ ಅವರಿತ್ತ ಸಲಹೆ ಮಾತ್ರ ಇಂದಿಗೂ ಚರ್ಚಾಸ್ಪದ. ಬೊಕಾರೊ ಉಕ್ಕಿನ ಕಾರ್ಖಾನೆಗೆ ಅಮೆರಿಕದ ಹಣ ಒದಗಿಸಲು ಅವರು ಪಟ್ಟ ಶ್ರಮ ಫಲಿಸಲಿಲ್ಲ. ಆ ಕಾರ್ಖಾನೆ ಸೋವಿಯತ್ ನೆರವಿನಿಂದ ತಲೆಯೆತ್ತಿತು.

ಆದರೆ ಅವರ ಹಿರಿಮೆ ತಿಳಿಯಬೇಕಾದರೆ ಭಾರತಕ್ಕೆ ಸಂಬಂಧಿಸದ ಪತ್ರಗಳನ್ನೂ ಓದಬೇಕು. ವಿದೇಶಾಂಗ ಇಲಾಖೆಯನ್ನು ಬದಿಗಿಟ್ಟು ಅವರು ಕೆನಡಿಗೆ ನೇರವಾಗಿ ಬರೆಯುತ್ತಿದ್ದರು. ವಿಯೆಟ್ನಾಂನಲ್ಲಿ ಸೇನೆ ಇಳಿಸುವುದು ವಿಪತ್ತಿಗೆ ದಾರಿ, ರಾಜಕೀಯ ಪರಿಹಾರವೇ ಲೇಸು ಎಂದು 1961–62ರಲ್ಲೇ ಎಚ್ಚರಿಸಿದರು. ಆ ಸಲಹೆ ನಡೆಯಲಿಲ್ಲ. ಅದರ ಪರಿಣಾಮವನ್ನು ಜಗತ್ತೇ ಕಂಡಿತು.

ಈ ನಿರ್ಭೀತಿಯ ಮೂಲವೇನು? ಅವರ ಸ್ವಭಾವವೊಂದೇ ಅಲ್ಲ. ಅಧ್ಯಕ್ಷರ ಸ್ನೇಹವಿತ್ತು, ಜೊತೆಗೆ ಮರಳಿ ಹೋಗಲು ಹಾರ್ವರ್ಡ್‌ನ ಪೀಠವಿತ್ತು. 1963ರಲ್ಲಿ ಅವರು ಹಾಗೆಯೇ ಮರಳಿದರು. ಬಡ್ತಿ, ವರ್ಗಾವಣೆ, ವಾರ್ಷಿಕ ಗೌಪ್ಯ ವರದಿಗಳ ನೆರಳಲ್ಲಿ ಬಾಳುವ ಅಧಿಕಾರಿಗೆ ಅಂಥ ಆಸರೆಯಿಲ್ಲ. ಮೇಲಿನವರ ಇಂಗಿತವರಿತು ಟಿಪ್ಪಣಿ ಬರೆಯುವ ಜಾಣತನ ಕಚೇರಿಗಳಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ.

2018ರಲ್ಲಿ ಕೇಂದ್ರ ಸರ್ಕಾರ ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಹೊರಗಿನ ತಜ್ಞರಿಂದ ಅರ್ಜಿ ಕರೆದಾಗಿನಿಂದ ಚರ್ಚೆ ಬಹುಪಾಲು ಅರ್ಹತೆ ಮತ್ತು ಮೀಸಲಾತಿಯ ಸುತ್ತಲೇ ನಡೆದಿದೆ. ಅವು ಮುಖ್ಯ ಪ್ರಶ್ನೆಗಳೇ. ಆದರೆ ಬಂದ ತಜ್ಞ ಭಿನ್ನಾಭಿಪ್ರಾಯ ಬರೆದರೆ ಅವನನ್ನು ಕಾಯುವವರಾರು? ಒಳಗಿನ ಅಧಿಕಾರಿ ಬರೆದರೆ? ಕೆಲಸ ಮುಗಿಸಿ ಹಿಂದಿರುಗುವವನಿಗೆ ತನ್ನ ಸ್ಥಾನವನ್ನು ಕಾದಿರಿಸುವ ವಿಶ್ವವಿದ್ಯಾಲಯಗಳು ನಮ್ಮಲ್ಲಿ ಎಷ್ಟಿವೆ?

ಗಾಲ್‌ಬ್ರೇತ್‌ಗೆ 2001ರಲ್ಲಿ ಪದ್ಮವಿಭೂಷಣ ಸಂದಿತು. 2006ರಲ್ಲಿ, 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸಲಹೆಗಾರನ ಮಾತನ್ನು ಆಳುವವರು ಒಪ್ಪಲೇಬೇಕೆಂದಿಲ್ಲ. ಆದರೆ ಆ ಮಾತು ಕಡತದಲ್ಲಿ ಉಳಿಯಬೇಕು, ಬರೆದವನೂ ಉಳಿಯಬೇಕು. ಅಷ್ಟರ ಖಾತರಿ ಇಲ್ಲದಿದ್ದರೆ, ಎಂಥ ಮೇಧಾವಿಯನ್ನು ಕರೆತಂದರೂ ಸರ್ಕಾರಕ್ಕೆ ಕೇಳಿಸುವುದು ತನ್ನದೇ ಪ್ರತಿಧ್ವನಿ.