ಮೂವತ್ತು ಮೀಟರ್ ಎಲ್ಲಿಂದ?

ಕೆರೆಗೆ ಏರಿ ಇರುವುದು ಒಂದೇ ಕಡೆ. ಮಿಕ್ಕ ಕಡೆಗಳಲ್ಲಿ ನೆಲವೇ ಮೆಲ್ಲಗೆ ಇಳಿದು ನೀರಾಗುತ್ತದೆ. ಹಕ್ಕಿ ನೋಡಲು ಬರುವವರು ಸಾಮಾನ್ಯವಾಗಿ ಏರಿಯ ಮೇಲೆ ನಿಲ್ಲುತ್ತಾರೆ. ಎತ್ತರವಿದೆ, ಮರದ ನೆರಳಿದೆ, ಕೂರಲು ತೂಬಿನ ಕಲ್ಲಿದೆ. ಆದರೆ ಕೆರೆಯ ಸಂಸಾರ ತಿಳಿಯಬೇಕಾದರೆ ಎದುರು ದಡಕ್ಕೆ, ನೀರು ಒಳಬರುವ ಕಡೆಗೆ ಹೋಗಬೇಕು. ನಮ್ಮೂರ ಕೆರೆಯ ಆ ಭಾಗಕ್ಕೆ ಎಮ್ಮೆಗಳನ್ನೂ ನನ್ನನ್ನೂ ಬಿಟ್ಟರೆ ಹೋಗುವವರು ಕಡಿಮೆ.

ನವೆಂಬರಿನಲ್ಲಿ ಅಲ್ಲಿ ಕೂತರೆ ನೀರಿನ ಆಳವನ್ನು ಹಕ್ಕಿಗಳ ಕಾಲಿನಿಂದಲೇ ಓದಬಹುದು. ಒಣ ಹುಲ್ಲಿನ ಮೇಲೆ ಸಿಪಿಲೆಗಳು ಬಾಲ ಕುಣಿಸುತ್ತ ಓಡಾಡುತ್ತಿರುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆ ಕೆಳಗೆ, ಹೊಳೆಯುವ ಕೆಸರಿನಲ್ಲಿ, ಗೊರವಗಳು ಕೊಕ್ಕು ಊರಿ ಹುಳು ಹುಡುಕುತ್ತವೆ. ಪಾದ ಮುಳುಗುವ ನೀರಿನಲ್ಲಿ ಕೊಳದ ಬಕ. ಇನ್ನೂ ಮುಂದೆ, ಕಡ್ಡಿಯಂಥ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ. ಅದರಾಚೆ ಈಜು ಬಲ್ಲವರ ರಾಜ್ಯ: ಬಾತು, ನೀರುಕೋಳಿ, ನೀರುಕಾಗೆ. ವಾರ ಕಳೆದು ನೀರು ಒಂದು ಗೇಣು ಇಳಿದರೆ ಈ ಇಡೀ ಸಾಲು ಹಾಗೆಯೇ ಕೆಳಕ್ಕೆ ಸರಿಯುತ್ತದೆ. ಯಾವ ಹಕ್ಕಿಗೂ ಖಾಯಂ ವಿಳಾಸ ಇಲ್ಲ. ಇಳಿಜಾರು ಇರುವವರೆಗೆ ಎಲ್ಲರಿಗೂ ಜಾಗ ಉಂಟು.

ಏಪ್ರಿಲಿನಲ್ಲಿ ಅದೇ ಜಾಗ ಬಿರುಕು ಬಿಟ್ಟ ನೆಲ. ಆಗ ಅದು ಟಿಟ್ಟಿಭ ಹಕ್ಕಿಯ ಪಾಲು. ಗೂಡು ಎನ್ನಲು ಅಲ್ಲಿ ಏನೂ ಇರುವುದಿಲ್ಲ. ಅಂಗೈಯಗಲದ ತಗ್ಗು, ಸುತ್ತ ಒಂದಿಷ್ಟು ಕಲ್ಲುಹರಳು, ನಾಲ್ಕಾರು ಒಣಗಿದ ಆಡಿನ ಹಿಕ್ಕೆ. ಮೊಟ್ಟೆ ನಾಲ್ಕು, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಕಲೆಗಳು; ಕಣ್ಣು ಒಮ್ಮೆ ಬೇರೆ ಕಡೆ ತಿರುಗಿದರೆ ಮತ್ತೆ ಹುಡುಕುವುದು ಕಷ್ಟ. ಮಧ್ಯಾಹ್ನದ ಬಿಸಿಲು ಏರಿದಾಗ ತಾಯಿಯೋ ತಂದೆಯೋ ಉಳಿದಿರುವ ನೀರಿನ ಹೊಂಡಕ್ಕೆ ಹೋಗಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಸುಡುವ ನೆಲದಲ್ಲಿ ಕಾವು ಕೊಡುವುದಕ್ಕಿಂತ ತಂಪು ಕೊಡುವುದೇ ದೊಡ್ಡ ಕೆಲಸ. ನಾನು ನೋಡುತ್ತಿದ್ದ ಗೂಡಿನಿಂದ ಎರಡು ಮಾರು ದೂರದಲ್ಲಿ ಒಂದು ಸುಣ್ಣದ ಗೆರೆ ಹಾದುಹೋಗಿತ್ತು. ಗೆರೆಯ ತುದಿಗೆ ಕೆಂಪು ಬಣ್ಣ ಬಳಿದ ಗೂಟ.

ಗೂಟದ ಮೂಲ ಹುಡುಕುತ್ತ ಹೋದರೆ ಕಚೇರಿಗಳ ಕಡೆಗೇ ಹೋಗಬೇಕಾಗುತ್ತದೆ. ನಿಸರ್ಗ ನೋಡುವವರಿಗೆ ಆ ದಾರಿ ಅಷ್ಟು ರುಚಿಸುವುದಿಲ್ಲ, ನನಗೂ ರುಚಿಸಿರಲಿಲ್ಲ. ನಮ್ಮ ರಾಜ್ಯದಲ್ಲಿ ಊರು ಹೇಗೆ ಬೆಳೆಯಬೇಕೆಂಬ ಮಹಾಯೋಜನೆ ತಯಾರಾಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಅದನ್ನು ಮಾಡುವುದು ಯೋಜನಾ ಪ್ರಾಧಿಕಾರ. ಕೃಷಿ ಜಮೀನಿನ ಭೂಪರಿವರ್ತನೆ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ. ಇನ್ನು ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಲ್ಲಿ 1976ರ ಕಾಯ್ದೆಯಂತೆ ನಗರ ಯೋಜನೆ ಮತ್ತು ಅಭಿವೃದ್ಧಿಗೆಂದೇ ಒಂದು ಸ್ಥಾಯಿ ಸಮಿತಿ ಇದೆ. ಅದರಲ್ಲಿ ಇರುವವರು ನಾವು ಓಟು ಹಾಕಿ ಕಳಿಸಿದ ಕಾರ್ಪೊರೇಟರುಗಳು. ಅಧಿಕಾರ ಹೀಗೆ ಮೂರು ಕಡೆ ಹಂಚಿಹೋಗಿರುವುದರಿಂದ ಈ ಸಮಿತಿಯ ಕೈಯಲ್ಲಿ ಏನೂ ಇಲ್ಲ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೆಲವನ್ನು ಕಣ್ಣಾರೆ ನೋಡಿ ಬರುವ ಅಭ್ಯಾಸ ಉಳಿದಿದ್ದರೆ ಅದು ಈ ಕೊನೆಯ ಗುಂಪಿನಲ್ಲೇ. ವಾರ್ಡಿನ ಚರಂಡಿ ಎಲ್ಲಿ ಉಕ್ಕುತ್ತದೆ ಎಂಬುದು ನಕ್ಷೆ ಬರೆಯುವವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಆ ಬೇಸಿಗೆಯಲ್ಲಿ ಕರಡು ಯೋಜನೆಯ ನಕ್ಷೆ ಕಚೇರಿಯ ಗೋಡೆಗೆ ಬಂತು. ಕೆರೆಗೆ ನೀರು ಒಳಬರುವ ಕಡೆಯ ಮೇಲ್ದಂಡೆ ಹಸಿರಿನಿಂದ ಹಳದಿಗೆ, ಅಂದರೆ ಕೃಷಿಯಿಂದ ವಸತಿಗೆ ತಿರುಗಿತ್ತು. ಸ್ಥಳ ಪರಿಶೀಲನೆಗೆ ಸಮಿತಿ ಬಂದಾಗ ನಾನೂ ಹಿಂದೆ ಹಿಂದೆ ಹೋದೆ. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲು. ತಲೆಯ ಮೇಲೆ ಟಿಟ್ಟಿಭಗಳು ಬೈದುಕೊಂಡು ಸುತ್ತುತ್ತಿದ್ದವು. ಒಂದು ಹಕ್ಕಿ ರೆಕ್ಕೆ ಮುರಿದಂತೆ ನಟಿಸುತ್ತ ಎಲ್ಲರನ್ನೂ ಗೂಡಿನಿಂದ ದೂರ ಎಳೆಯಲು ನೋಡಿತು. ಸದಸ್ಯರೊಬ್ಬರು ನಿಜಕ್ಕೂ ಅದರ ಹಿಂದೆ ಹೋದರು.

ಊರಿನ ನೀರುಗಂಟಿ, ಈಗ ಬಿಡಲು ನೀರಿಲ್ಲದಿದ್ದರೂ ಆ ಹೆಸರು ಉಳಿಸಿಕೊಂಡಿರುವ ಹಿರಿಯರು, ಒಣನೆಲದ ಮೇಲೆ ನಿಂತು ಹೇಳಿದರು: “ಸ್ವಾಮಿ, ಹಿಂಗಾರು ಬಿದ್ದ್ಮೇಲೆ ಬಂದ್ ನೋಡಿ. ಇಲ್ಲಿಗೆ ಮೊಣಕಾಲುದ್ದ ನೀರ್ ಬತ್ತದೆ.”

“ನಕ್ಷೇಲಿ ಕೆರೆ ಅಲ್ಲಿಗೇ ಮುಗಿಯುತ್ತಲ್ಲ ಯಜಮಾನ್ರೇ,” ಎಂದರು ಸದಸ್ಯರು, ದೂರದ ಗಡಿಕಲ್ಲು ತೋರಿಸಿ.

“ನಕ್ಷೆ ಓದಕ್ಕೆ ನೀರಿಗೆ ಬರಾಕಿಲ್ಲ.”

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು. ಬೆಂಗಳೂರಿನಲ್ಲಿ ಕೆರೆಯಂಚಿನ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಅಲ್ಲಿನ 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಮೀಸಲು ಅಂಚು ಬಿಡಬೇಕೆಂದಿತು. ಕೆರೆಯ ಗಡಿ ಯಾವುದು ಎಂಬುದಕ್ಕೆ ಕಂದಾಯ ದಾಖಲೆಯೇ ಆಧಾರ. ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್. ಅಗರ–ಬೆಳ್ಳಂದೂರು ಕೆರೆಗಳ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯಂಚನ್ನು 75 ಮೀಟರಿಗೆ ಹಿಗ್ಗಿಸಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಮಾಡಿತು. ಇಷ್ಟೂ ವರ್ಷ ವಾದ ನಡೆದದ್ದು ಎಷ್ಟು ಮೀಟರ್ ಎಂಬುದರ ಮೇಲೆ. ದಡದಲ್ಲಿ ಕೂತವನನ್ನು ಕಾಡುವುದು ಬೇರೆ ಲೆಕ್ಕ.

ಏರಿಯ ಕಡೆ 30 ಮೀಟರ್ ಧಾರಾಳ. ನೀರು ಅಲ್ಲಿ ಕಲ್ಲುಕಟ್ಟಡಕ್ಕೆ ತಾಗಿ ನಿಲ್ಲುತ್ತದೆ, ಒಂದಡಿ ಹೆಚ್ಚಿದರೂ ಅಕ್ಕಪಕ್ಕಕ್ಕೆ ಸರಿಯುವುದಿಲ್ಲ. ಮೇಲ್ದಂಡೆಯಲ್ಲಿ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಎಂದುಕೊಳ್ಳಿ. ನೀರಿನ ಮಟ್ಟ 30 ಸೆಂಟಿಮೀಟರ್ ಏರಿದರೆ ಸಾಕು, ಆ 30 ಮೀಟರ್ ಪೂರ್ತಿ ಮುಳುಗುತ್ತದೆ. ಒಂದು ಒಳ್ಳೆಯ ಮಳೆಯ ಕೆಲಸ ಅದು. ಒಂದೇ ಅಳತೆ ಒಂದು ದಡದಲ್ಲಿ ರಕ್ಷಣೆ, ಇನ್ನೊಂದು ದಡದಲ್ಲಿ ಬರೀ ಶಾಸ್ತ್ರ. ಹಾಗೆ ನೋಡಿದರೆ ಸಮಿತಿ ಕೇಳಬೇಕಾದ ಮೊದಲ ಪ್ರಶ್ನೆ ಅಂಚಿನ ಅಗಲದ್ದಲ್ಲ. ಕೆರೆ ಕೋಡಿ ಬಿದ್ದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು. ಅದಕ್ಕೆ ಸಾಕ್ಷಿ ಹೇಳಲು ನೀರುಗಂಟಿ ಇದ್ದಾರೆ, ಜೊಂಡು ನಿಲ್ಲುವ ಗೆರೆ ಇದೆ, ಬೇಲಿಯ ಕಲ್ಲುಗಂಬದಲ್ಲಿ ಒಣಗಿ ಅಂಟಿದ ಪಾಚಿಯ ಗುರುತಿದೆ. ಕೆರೆಯ ವಿಸ್ತೀರ್ಣ ನೋಡಿ ಅಂಚು ನಿಗದಿಪಡಿಸುವ ತಿದ್ದುಪಡಿ ಮಸೂದೆ 2025ರಲ್ಲಿ ಬಂದಾಗಲೂ ಇಳಿಜಾರಿನ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯನ್ನು ಬೋಗುಣಿ ಮಾಡುವ ಇನ್ನೊಂದು ಚಾಳಿಯೂ ಇದೆ. ಸುತ್ತ ಏರಿ, ಒಳಗೆ ಕಡಿದಾದ ದಡ, ಮೇಲೆ ವಾಕಿಂಗ್ ಟ್ರ್ಯಾಕ್. ನೀರು ಹೆಚ್ಚು ನಿಲ್ಲುತ್ತದೆ, ನಿಜ. ಬಾತುಗಳಿಗೆ ತೊಂದರೆಯಿಲ್ಲ. ಕಾಲು ಊರಿ ತಿನ್ನುವ ಹಕ್ಕಿಗಳಿಗೆ ಮಾತ್ರ ಅಲ್ಲಿ ನಿಲ್ಲಲು ನೆಲವೇ ಇಲ್ಲ.

ಕರಡು ಯೋಜನೆಗೆ ಆಕ್ಷೇಪಣೆ ಸಲ್ಲಿಸಲು ಕಾಯ್ದೆ ಕೊಡುವುದು 60 ದಿನ. ಟಿಟ್ಟಿಭಕ್ಕೆ ಅಷ್ಟು ಸಾಕು. ಕಾವು ಒಂದು ತಿಂಗಳಿನದು, ಮರಿಗಳು ಹುಟ್ಟಿದ ದಿನವೇ ಓಡಾಡುತ್ತವೆ. ಕೆರೆಗೆ ಸಾಲದು. ಬೇಸಿಗೆಯಲ್ಲಿ ಹೊರಟ ಪ್ರಕಟಣೆಯ ಅವಧಿಯೊಳಗೆ ಕೆರೆ ತುಂಬಿರುವುದನ್ನು ಯಾರೂ ನೋಡಲಾರರು. ಪಂಚತಂತ್ರದಲ್ಲಿ ಮೊಟ್ಟೆ ಕೊಚ್ಚಿಕೊಂಡು ಹೋದ ಸಮುದ್ರದ ಮೇಲೆ ಟಿಟ್ಟಿಭ ದೂರು ಕೊಟ್ಟಿತಲ್ಲ, ಅದು ಗರುಡನ ಮೂಲಕ ವಿಷ್ಣುವಿನವರೆಗೆ ಹೋಗಿ ಮೊಟ್ಟೆ ವಾಪಸು ಬಂತು. ಅಲ್ಲಿ ಗಡುವಿನ ಪ್ರಸ್ತಾಪವೇ ಇಲ್ಲ.

ನಾನು ಬರೆದ ಆಕ್ಷೇಪಣೆಗೆ ಗುಮಾಸ್ತರು ಸರ್ವೆ ನಂಬರು, ಚಕ್ಕುಬಂದಿ ಕೇಳಿದರು, ಕೊಟ್ಟೆ. ಒಂದೇ ಕಲ್ಲುಗಂಬದ ಪಕ್ಕದಿಂದ ಅಕ್ಟೋಬರಿನಲ್ಲೂ ಏಪ್ರಿಲಿನಲ್ಲೂ ತೆಗೆದ ಎರಡು ಫೋಟೋ ಲಗತ್ತಿಸಿದೆ. ಪಾಚಿಯ ಗುರುತು ಗಡಿಕಲ್ಲಿನಿಂದ ಎಷ್ಟು ಆಚೆಗಿದೆ ಎಂದು ಟೇಪು ಹಿಡಿದು ಅಳೆದದ್ದಕ್ಕೆ ನೀರುಗಂಟಿಯವರೂ ರುಜು ಹಾಕಿದ್ದಾರೆ. ಸಮಿತಿ ಮತ್ತೊಮ್ಮೆ ಸ್ಥಳಕ್ಕೆ ಬರುವುದಾದರೆ ಹಿಂಗಾರು ಮಳೆಯ ನಂತರ ಬರಲಿ ಎಂಬ ಕೋರಿಕೆಗೆ ನಮೂನೆಯಲ್ಲಿ ಕಾಲಂ ಇರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಬರೆದು ಸ್ವೀಕೃತಿಯ ಮುದ್ರೆಯನ್ನು ಎರಡೂ ಬದಿಗೆ ಒತ್ತಿಸಿಕೊಂಡು ಬಂದೆ.