ಉರ್ಸುಲಾ ಲೆ ಗ್ವಿನ್ ಮನೆಯ ಬೆಕ್ಕು

ಹನ್ನೊಂದನೇ ವಯಸ್ಸಿಗೇ ವೈಜ್ಞಾನಿಕ ಕಥಾ ಪತ್ರಿಕೆಯೊಂದಕ್ಕೆ ಕಥೆ ಕಳಿಸಿದ್ದಳು ಈ ಹುಡುಗಿ. ಕಥೆ ವಾಪಸ್ ಬಂತು!

1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ ಉರ್ಸುಲಾ ಲೆ ಗ್ವಿನ್ ಅವರ ತಂದೆ ಮಾನವಶಾಸ್ತ್ರಜ್ಞ, ತಾಯಿ ಲೇಖಕಿ. ಮುಂದೆ ಅವರೂ ಲೇಖಕಿಯಾದರು. ಹದಿಹರೆಯದವರಿಗೆ ಒಂದು ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದಾಗ ಲೆ ಗ್ವಿನ್ ತಲೆಗೆ ಬಂದದ್ದು ಒಂದು ತುಂಟ ಪ್ರಶ್ನೆ. ಕಥೆಗಳಲ್ಲಿ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರೇ. ಹಾಗಾದರೆ ಅವರು ಹುಡುಗರಾಗಿದ್ದಾಗ ವಿದ್ಯೆ ಕಲಿತದ್ದೆಲ್ಲಿ? ಮೊದಲು ಕಥಾಲೋಕದ ದ್ವೀಪಗಳ ನಕ್ಷೆ ಬಿಡಿಸಿದರು, ಆಮೇಲೆ ಕಥೆ. 1968ರಲ್ಲಿ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂತು. ಹ್ಯಾರಿ ಪಾಟರ್‌ಗಿಂತ ಸುಮಾರು ಮೂವತ್ತು ವರ್ಷ ಮೊದಲೇ ಮಾಂತ್ರಿಕರ ಶಾಲೆ!

ನಾಯಕ ಗೆಡ್‌ನದು ಕಂದು ಮೈಬಣ್ಣ. ಆದರೂ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬೆಳ್ಳಗೆ ಮಾಡಿದರು. ಲೆ ಗ್ವಿನ್ ಸುಮ್ಮನಿರಲಿಲ್ಲ, ಬಹಿರಂಗವಾಗಿಯೇ ಆಕ್ಷೇಪಿಸಿದರು.

ಇನ್ನು ಬೆಕ್ಕುಗಳು. 1988ರಲ್ಲಿ ಮಕ್ಕಳಿಗಾಗಿ ಬರೆದ 'ಕ್ಯಾಟ್‌ವಿಂಗ್ಸ್'ನಲ್ಲಿ ನಾಲ್ಕು ಮರಿಗಳಿಗೆ ರೆಕ್ಕೆಗಳೇ ಇವೆ.

ಎಂಬತ್ತು ದಾಟಿದ ಮೇಲೆ ಲೆ ಗ್ವಿನ್ ಅವರ ಪೋರ್ಟ್‌ಲ್ಯಾಂಡ್‌ನ ಮನೆಗೆ ಪಾರ್ಡ್ ಬಂದ. ಕಪ್ಪು-ಬಿಳುಪಿನ ಪೋರ ಬೆಕ್ಕು. ಕಂಪ್ಯೂಟರ್ ಪಕ್ಕದಲ್ಲಿ ಕಡತಗಳ ನಕಲು ಉಳಿಸುವ ಬ್ಯಾಕಪ್ ಡಬ್ಬಿ ಬೆಚ್ಚಗಿರುತ್ತಿತ್ತಲ್ಲ, ಅದೇ ಅವನ ಹಾಸಿಗೆ. ಇಲಿ ಹಿಡಿಯುವುದರಲ್ಲಿ ಜಾಣ, ಕೊಲ್ಲುವುದು ಮಾತ್ರ ಗೊತ್ತಿಲ್ಲ. ನಡುರಾತ್ರಿ ಜೀವಂತ ಇಲಿಯನ್ನು ಮಲಗುವ ಕೋಣೆಗೆ ತಂದು ಆಟವಾಡುತ್ತಿದ್ದ. ಪಾಪ, ನಿದ್ದೆ ಕೆಡುತ್ತಿದ್ದದ್ದು ಅಜ್ಜಿಯದು!

ಅದನ್ನೂ ಅವರು ಬರೆಯದೆ ಬಿಡಲಿಲ್ಲ. 2017ರ 'ನೋ ಟೈಮ್ ಟು ಸ್ಪೇರ್' ಪ್ರಬಂಧ ಸಂಕಲನದಲ್ಲಿ ಪಾರ್ಡ್‌ಗೇ ಪ್ರತ್ಯೇಕ ಬರಹಗಳಿವೆ. 2018ರ ಜನವರಿಯಲ್ಲಿ ಲೆ ಗ್ವಿನ್ ತೀರಿಕೊಂಡರು; ಅದೇ ವರ್ಷ ಆ ಪುಸ್ತಕಕ್ಕೆ ವೈಜ್ಞಾನಿಕ ಕಥಾಲೋಕದ ಹ್ಯೂಗೊ ಪ್ರಶಸ್ತಿ ಬಂತು.