ಮೆದುಳಿನ ಶಾಸ್ತ್ರವೂ ವಿದ್ಯಾರ್ಥಿಗಳ ಗೋಷ್ಠಿಯೂ

ಅಚ್ಚಾದ ಮಾತೆಲ್ಲವೂ ಪ್ರಮಾಣವೆಂದು ನಂಬುವ ಸ್ವಭಾವವು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಅದರಲ್ಲಿಯೂ ಆ ಮಾತು ಮೆದುಳಿನ ವಿಷಯವಾಗಿದ್ದು, ಪಕ್ಕದಲ್ಲಿ ಬಣ್ಣದ ಚಿತ್ರವೊಂದಿದ್ದರೆ ಸಂಶಯಕ್ಕೆ ಎಡೆಯೇ ಉಳಿಯದು. ಇಂಥ ಪುಡಿಯನ್ನು ಹಾಲಿನಲ್ಲಿ ಕದಡಿ ಕೊಟ್ಟರೆ ಮಗುವಿನ ಜ್ಞಾಪಕಶಕ್ತಿ ಬೆಳೆಯುವುದು, ಇಂಥ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುವುದು ಎಂಬ ವಾರ್ತೆಗಳನ್ನೋದಿ ಹಣ ವ್ಯಯಿಸುವ ಗೃಹಸ್ಥರು ಕಡಮೆಯಲ್ಲ. ಈ ವ್ಯಾಧಿಗೆ ವಿಶ್ವವಿದ್ಯಾನಿಲಯಗಳಲ್ಲಿ ನರವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಸೇವಿಸುವ ಮದ್ದೊಂದುಂಟು. ಅದನ್ನು ಕುರಿತು ಎರಡು ಮಾತುಗಳನ್ನು ವಾಚಕರಿಗೆ ನಿವೇದಿಸುವೆವು.

ಇಂಗ್ಲಿಷಿನಲ್ಲಿ ಅದಕ್ಕೆ ‘ಜರ್ನಲ್ ಕ್ಲಬ್’ ಎಂದು ಹೆಸರು; ನಾವು ಪ್ರಬಂಧಗೋಷ್ಠಿಯೆನ್ನಬಹುದು. ಅದರ ಕ್ರಮವು ಸರಳವಾದುದು. ಹೊಸದಾಗಿ ಪ್ರಕಟವಾದ ಸಂಶೋಧನ ಪ್ರಬಂಧವೊಂದನ್ನು ಆರಿಸಿ, ಕೂಡುವ ದಿನಕ್ಕೆ ಮೊದಲೇ ಎಲ್ಲರಿಗೂ ಹಂಚುವರು. ಒಬ್ಬ ವಿದ್ಯಾರ್ಥಿಯು ಅದನ್ನು ಸಭೆಯ ಮುಂದಿಟ್ಟು ವಿವರಿಸುವನು. ಉಳಿದವರು ಪ್ರಶ್ನಿಸುವರು: ಪರೀಕ್ಷೆಗೊಳಗಾದವರು ಎಷ್ಟು ಮಂದಿ? ಅವರನ್ನು ಯಾರೊಡನೆ ಹೋಲಿಸಲಾಯಿತು? ಅಂಕಿಗಳಿಂದ ಈ ನಿರ್ಣಯವೇ ಹೊರಡುವುದೋ, ಬೇರೊಂದಕ್ಕೂ ಅವಕಾಶವುಂಟೋ? ಕೇಳುವವನು ಹೊಸಬನೇ ಇರಲಿ, ಪ್ರಬಂಧವನ್ನು ಬರೆದವರು ಲೋಕಪ್ರಸಿದ್ಧರೇ ಇರಲಿ, ಪ್ರಶ್ನೆಗೆ ಉತ್ತರ ದೊರೆಯಲೇಬೇಕು.

ಈ ಪದ್ಧತಿಯು ಬಡತನದಿಂದ ಹುಟ್ಟಿತೆಂದರೆ ತಪ್ಪಾಗದು. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಬಾಗಿಲ ಬಳಿ, ರೊಟ್ಟಿಯಂಗಡಿಯ ಮೇಲಣ ಕಿರುಕೋಣೆಯೊಂದರಲ್ಲಿ ಕೆಲವರು ಕೂಡಿ ವೈದ್ಯಪತ್ರಿಕೆಗಳನ್ನು ಓದುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಜೇಮ್ಸ್ ಪ್ಯಾಜೆಟ್ ಎಂಬ ಪ್ರಖ್ಯಾತ ವೈದ್ಯರು ಸ್ಮರಿಸಿರುವರು. 1875ರಲ್ಲಿ ವಿಲಿಯಂ ಆಸ್ಲರ್ ಅವರು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಕೂಟವನ್ನು ಸ್ಥಾಪಿಸಿದರು. ಒಬ್ಬರೇ ಕೊಳ್ಳಲಾರದ ಪತ್ರಿಕೆಗಳನ್ನು ಹಲವರು ಸೇರಿ ತರಿಸುವುದು ಅದರ ಮೊದಲ ಉದ್ದೇಶವಾಗಿದ್ದಿತು. ಇಂದು ಪತ್ರಿಕೆಗಳಿಗೆ ಅಭಾವವಿಲ್ಲ. ಅವನ್ನು ಜರಡಿ ಹಿಡಿಯುವ ವಿವೇಕಕ್ಕೆ ಅಭಾವವುಂಟಾಗಿರುವುದರಿಂದ ಗೋಷ್ಠಿಯ ಅಗತ್ಯವು ಹೆಚ್ಚಿತೇ ಹೊರತು ತಗ್ಗಲಿಲ್ಲ.

ಅಂಥ ಜರಡಿಗೆ ತಕ್ಕ ನಿದರ್ಶನವೊಂದನ್ನು ನೋಡೋಣ. ಮೆದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕವು ವ್ಯತ್ಯಾಸಗೊಂಡಿತೆಂಬುದನ್ನು ಎಂ.ಆರ್.ಐ. ಯಂತ್ರವು ತೋರಿಸುವುದು. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಅವರ ಸಹೋದ್ಯೋಗಿಗಳು ಸತ್ತ ಸಾಲ್ಮನ್ ಮೀನೊಂದನ್ನು ಈ ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಆ ಜನರ ಮನೋಭಾವವೇನೆಂದು ಕೇಳಿದ ಪ್ರಯೋಗವನ್ನು ವಿದ್ವಾಂಸರ ಮುಂದಿಟ್ಟರು. ಲೆಕ್ಕ ಮಾಡಿದಾಗ ಸತ್ತ ಮೀನಿನ ಮೆದುಳು ಕೆಲಸ ಮಾಡಿದಂತೆ ಬಣ್ಣದ ಚುಕ್ಕೆಗಳು ಮೂಡಿದುವು! ಇದು ಪವಾಡವಲ್ಲ. ಯಂತ್ರವು ಮೆದುಳನ್ನು ಸಾವಿರಾರು ಕಿರುಭಾಗಗಳಾಗಿ ವಿಂಗಡಿಸಿ ಒಂದೊಂದನ್ನೂ ಪರೀಕ್ಷಿಸುವುದರಿಂದ, ಕಾಕತಾಳೀಯವಾಗಿ ಕೆಲವು ಭಾಗಗಳಾದರೂ ಹೌದೆಂದು ತೋರದೆ ಇರವು. ಇದಕ್ಕೆ ವಿಧಿಸಿರುವ ಗಣಿತದ ತಿದ್ದುಪಡಿಯನ್ನು ಮಾಡಿದೊಡನೆ ಚುಕ್ಕೆಗಳು ಮಾಯವಾದುವು. ಆ ತಿದ್ದುಪಡಿಯನ್ನು ಬಿಟ್ಟವರಿಗೆ ಬುದ್ಧಿ ಹೇಳುವುದೇ ಅವರ ಉದ್ದೇಶವಾಗಿದ್ದಿತು.

ಮೀನಿನ ಮಾತು ವಿದ್ವಾಂಸರದಾಯಿತು. ಮನೆಗೆ ಸಂಬಂಧಿಸಿದ ಮಾತು ಇನ್ನೊಂದುಂಟು. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟವಾಯಿತು. ಕಾಲೇಜಿನ 36 ವಿದ್ಯಾರ್ಥಿಗಳು ಮೋಟ್ಸಾರ್ಟನ ಸಂಗೀತವನ್ನು 10 ನಿಮಿಷ ಕೇಳಿದ ಬಳಿಕ, ಆಕಾರಗಳನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಪರೀಕ್ಷೆಯಲ್ಲಿ ತುಸು ಹೆಚ್ಚು ಅಂಕ ಪಡೆದರೆಂದೂ, ಆ ಫಲವು 10-15 ನಿಮಿಷಗಳಲ್ಲಿ ಮಾಸಿಹೋಯಿತೆಂದೂ ಅದರ ಸಾರ. ಅದರಲ್ಲಿ ಶಿಶುಗಳ ಪ್ರಸ್ತಾಪವೇ ಇರಲಿಲ್ಲ. ಆದರೂ ಬಾಯಿಂದ ಬಾಯಿಗೆ ಬೆಳೆದ ಮಾತು ತೊಟ್ಟಿಲನ್ನು ಮುಟ್ಟಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ಸಂಸ್ಥಾನದ ಗವರ್ನರರು, ಹುಟ್ಟಿದ ಪ್ರತಿಯೊಂದು ಶಿಶುವಿಗೂ ಸಂಗೀತದ ಮುದ್ರಿಕೆಯನ್ನು ಹಂಚಲು 1,05,000 ಡಾಲರುಗಳನ್ನು ಕೇಳಿದರು. 1999ರಲ್ಲಿ ಅದೇ ‘ನೇಚರ್’ ಪತ್ರಿಕೆಯಲ್ಲಿ ಇತರ ಸಂಶೋಧಕರು, ಆ ಫಲವು ಅತ್ಯಲ್ಪವೆಂದೂ ತಮ್ಮ ಪ್ರಯೋಗಗಳಲ್ಲಿ ಕಾಣಿಸಲಿಲ್ಲವೆಂದೂ ಬರೆದರು. ಮೂಲಲೇಖನವನ್ನು ಒಮ್ಮೆ ಕೂಡಿ ಓದಿದ್ದರೆ, ‘ಇಲ್ಲಿ ಶಿಶುಗಳೆಲ್ಲಿ?’ ಎಂದು ಯಾವ ವಿದ್ಯಾರ್ಥಿಯಾದರೂ ಕೇಳುತ್ತಿದ್ದನು.

ನಮ್ಮ ನಾಡಿಗೆ ಈ ಬಗೆಯ ಕೂಟವು ಅಪರಿಚಿತವಲ್ಲ. ಶೃಂಗೇರಿಯ ವಾಕ್ಯಾರ್ಥಸಭೆಗಳಲ್ಲಿ ಪೂರ್ವಪಕ್ಷವನ್ನು ಪೂರ್ತಿಯಾಗಿ ಮಂಡಿಸಿದ ಮೇಲೆಯೇ ಸಿದ್ಧಾಂತಕ್ಕೆ ಮಾನ್ಯತೆಯುಂಟು. ನೈಯಾಯಿಕರು ಚರ್ಚೆಯಲ್ಲಿ ಮೂರು ಬಗೆಗಳನ್ನು ಹೇಳಿರುವರು: ತತ್ತ್ವವನ್ನು ತಿಳಿಯುವುದಕ್ಕಾಗಿ ವಾದ, ಗೆಲವಿಗಾಗಿ ಜಲ್ಪ, ತನ್ನ ಪಕ್ಷವೇ ಇಲ್ಲದೆ ಪರರನ್ನು ಖಂಡಿಸುವುದು ವಿತಂಡೆ. ವಿದ್ಯಾರ್ಥಿಗಳ ಗೋಷ್ಠಿಗೂ ಇದೇ ಅಪಾಯವುಂಟು. ದೋಷವನ್ನು ಹುಡುಕುವುದೇ ಪಾಂಡಿತ್ಯವೆಂದು ಎಣಿಸಿದ ತರುಣನು ಕಡೆಗೆ ಯಾವುದನ್ನೂ ನಂಬದವನಾಗುವನು. ಪ್ರಬಂಧದಲ್ಲಿ ಗಟ್ಟಿಯಾಗಿ ನಿಂತುದೇನು ಎಂಬುದನ್ನು ಹೇಳಬಲ್ಲವನೇ ನಿಜವಾದ ವಿಮರ್ಶಕನು.

ಇಂಥ ಗೋಷ್ಠಿಗೆ ಅನೇಕ ಕಡೆ ಅಂಕಗಳಿಲ್ಲ. ಆದುದರಿಂದ, ‘ಪರೀಕ್ಷೆಗೆ ಬಾರದ ಓದೇಕೆ?’ ಎಂದು ಗೊಣಗುವ ತಂದೆಗಳುಂಟು. ಪಾಠವು ತಿಳಿದುದನ್ನು ಕೊಡುವುದು, ಗೋಷ್ಠಿಯು ತಿಳಿಯುವ ಬಗೆಯನ್ನು ಕೊಡುವುದು ಎಂದು ಅವರಿಗೆ ನಮ್ಮ ಉತ್ತರ. ನಾಳೆ ರೋಗಿಯ ಪಕ್ಕದಲ್ಲಿ ನಿಂತು, ಹೊಸ ಔಷಧದ ಪ್ರಶಂಸೆಯನ್ನು ನಂಬಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ಈ ಮಕ್ಕಳೇ ಅಲ್ಲವೆ?

ಗೃಹಸ್ಥರೂ ಗೃಹಿಣಿಯರೂ ಈ ಅಭ್ಯಾಸವನ್ನು ಮನೆಯಲ್ಲಿಯೇ ತೊಡಗಬಹುದು. ಮೆದುಳಿನ ಹೊಸ ವಾರ್ತೆಯೊಂದು ಬಂದಾಗ, ರಾತ್ರಿಯ ಊಟವಾದ ಮೇಲೆ ಮಕ್ಕಳಿಂದಲೇ ಅದನ್ನು ಓದಿಸಿ ಈ ನಾಲ್ಕನ್ನು ಕೇಳಲಿ: ಪರೀಕ್ಷಿಸಿದ್ದು ಯಾರನ್ನು? ಎಷ್ಟು ಮಂದಿಯನ್ನು? ಹೋಲಿಸಿದ್ದು ಯಾರೊಡನೆ? ಬೇರೆಯವರು ಮಾಡಿದಾಗಲೂ ಅದೇ ಫಲ ಬಂದಿತೆ? ಉತ್ತರ ದೊರೆಯುವವರೆಗೆ ಹಣದ ಚೀಲವನ್ನು ಬಿಚ್ಚಬೇಕಾದ ಅವಸರವೇನೂ ಇಲ್ಲ.